ರಾತ್ರಿ ಒಂದೂವರೆಯ ಹಾಜರಿ

ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದದ್ದು. ಇಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದ ಈ ಲೇಖಕನಿಗೆ ದುಡಿಮೆಗೂ ಬಿಡುವಿಗೂ ಇರುವ ವ್ಯತ್ಯಾಸ ಗೊತ್ತಿತ್ತು. ಅದು ಮರೆತುಹೋದದ್ದು ಒಂದು ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟದ ಗಿಲ್ಡ್, ಅಂದರೆ ಆಟಗಾರರ ತಂಡ, ಸೇರಿದ ಮೇಲೆ.

ಗಿಲ್ಡ್‌ನವರು ಹೆಚ್ಚಾಗಿ ಇಂಗ್ಲೆಂಡಿನವರು. ಅವರು ಊಟ ಮುಗಿಸಿ ಎಂಟು ಗಂಟೆಗೆ ರೇಡ್‌ಗೆ, ಅಂದರೆ ಆಟದೊಳಗೆ ಗುಂಪಾಗಿ ಮಾಡುವ ದಾಳಿಗೆ, ಕೂತರೆ, ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂದೂವರೆ. ವಾರಕ್ಕೆ ಮೂರು ದಿನ ಹಾಜರಿ. ತಪ್ಪಿದರೆ ಕಾರಣ ಬರೆಯಬೇಕು. ಒಂದು ರಾತ್ರಿ ನೀರಿಗೆ ಎದ್ದ ಅಮ್ಮ ಬಾಗಿಲಲ್ಲೇ ನಿಂತು ಕೇಳಿದರು: "ಇದ್ಯಾವ ಡ್ಯೂಟಿ ಮಾಡಕತ್ತೀಯಪಾ, ಪಗಾರ ಇಲ್ಲದ್ದು?"

ಉತ್ತರ ಇರಲಿಲ್ಲ.

ಗಿಲ್ಡ್ ಕೆಟ್ಟದ್ದೆಂದು ಈ ಮಾತಿನ ಅರ್ಥವಲ್ಲ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇಂಥದೇ ಆಟದ ಮೊದಲ ದೊಡ್ಡ ರೇಡ್‌ಗಳಿಗೆ 40 ಜನ ಬೇಕಿತ್ತು. ಅಷ್ಟು ಮಂದಿ ಒಂದೇ ಹೊತ್ತಿಗೆ ಕೂಡಬೇಕಾದರೆ ಕಟ್ಟುನಿಟ್ಟು ಇರಲೇಬೇಕು. ಆದರೆ ಎಲ್ಲರಿಗೂ ಅಂಥ ಬಿಡುವಿಲ್ಲವೆಂಬುದು ಆಟ ಕಟ್ಟಿದವರಿಗೂ ತಿಳಿಯಿತು. 2011ರಲ್ಲಿ ಗಿಲ್ಡ್ ಇಲ್ಲದವರನ್ನೂ ತಾನಾಗಿಯೇ ಗುಂಪುಗೂಡಿಸುವ ರೇಡ್ ಫೈಂಡರ್ ಬಂತು. ಅದೇ ಆಟದಲ್ಲಿ ಪಾತ್ರವನ್ನು ಊರಲ್ಲೋ ಛತ್ರದಲ್ಲೋ ಬಿಟ್ಟು ಹೊರಬಂದರೆ, ಮರಳಿದಾಗ ವೈರಿಗಳನ್ನು ಸೋಲಿಸಿ ಸಿಗುವ ಅನುಭವಾಂಕ ಸ್ವಲ್ಪ ಕಾಲ ಇಮ್ಮಡಿಯಾಗುತ್ತದೆ. ವಿಶ್ರಾಂತಿಗೂ ಅಲ್ಲಿ ಬೆಲೆಯಿದೆ.

ಎರಡು ಸಾಲು ವಿದಾಯ ಬರೆದು ಲೇಖಕ ಗಿಲ್ಡ್ ಬಿಟ್ಟ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ವಾರದೊಳಗೆ ಆ ಜಾಗಕ್ಕೆ ಬೇರೊಬ್ಬ ಬಂದ. ತಾನಿಲ್ಲದಿದ್ದರೆ ನಡೆಯದು ಎಂಬ ಭ್ರಮೆ ಹರಿದದ್ದು ಮೊದಲ ಪಾಠ.

ನಂತರ ಹಿಡಿದದ್ದು ಫೋನಿನಲ್ಲೇ ಆಡಬಹುದಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಅಲ್ಲಿ ಹೊಸಬರಿಗೆ ಸಿಗುವ ಒಂದು ಸಣ್ಣ ಕ್ವೆಸ್ಟ್‌ನಲ್ಲಿ, ಅಂದರೆ ಆಟ ಒಪ್ಪಿಸುವ ಕೆಲಸದಲ್ಲಿ, ಫ್ರೆಡ್ ಎಂಬ ರೈತ 20 ಉಣ್ಣೆ ಉಂಡೆ ಕೇಳುತ್ತಾನೆ. ಕತ್ತರಿ ಹಿಡಿದು ಕುರಿಗಳ ಹಿಂದೆ ಓಡಬೇಕು, ಕೆಲವು ತಪ್ಪಿಸಿಕೊಳ್ಳುತ್ತವೆ. ಚೀಲದಲ್ಲಿ ಇರುವುದು 28 ಖಾನೆ, ಒಂದು ಖಾನೆಗೆ ಒಂದು ಕುರಿಯ ಉಣ್ಣೆ. ತುಂಬಿಕೊಂಡು ಲಂಬ್ರಿಜ್ ಕೋಟೆಯ ಮೆಟ್ಟಿಲು ಹತ್ತಿದರೆ ಅಲ್ಲೊಂದು ರಾಟೆ. ಚಕ್ರ ತಿರುಗುತ್ತದೆ, ಉಣ್ಣೆ ಒಂದೊಂದಾಗಿ ಉಂಡೆಯಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಫೋನಿಗೆ ಬಗ್ಗಿ, "ರಾಟಿ ಅಲ್ಲೇನು ಅದು?" ಎಂದರು. ಆಟದ ಬಗ್ಗೆ ಮನೆಯಲ್ಲಿ ನಡೆದ ಮೊದಲ ನೆಮ್ಮದಿಯ ಮಾತು ಅದು.

ಎರಡನೆಯ ಪಾಠ ಗುರಿಯದು. ಈ ಆಟದಲ್ಲಿ ಒಂದು ಕೌಶಲ 99ನೇ ಲೆವೆಲ್‌ಗೆ ಏರಲು 1,30,34,431 ಅಂಕ ಬೇಕು. 92ನೇ ಲೆವೆಲ್‌ಗೆ ಬಂದಾಗ ಸರಿಸುಮಾರು ಅರ್ಧ ದಾರಿ. ಆ ಲೆಕ್ಕದ ಬೆನ್ನು ಹತ್ತಿದರೆ ಮತ್ತೆ ಡ್ಯೂಟಿಯೇ. ಹಾಗಾಗಿ ಕೂರುವ ಮೊದಲೇ ಇವತ್ತಿನದು ಇಷ್ಟೇ ಎಂದು ಗೊತ್ತುಮಾಡಿಕೊಳ್ಳುವುದು ರೂಢಿಯಾಯಿತು: ಒಂದು ಕ್ವೆಸ್ಟ್, ಅಥವಾ ಆಟದೊಳಗೆ ಹಿಡಿದ ಒಂದು ಚೀಲ ಮೀನು.

ಮೂರನೆಯದು ಎಚ್ಚರಿಕೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ ಆಟದ ಗೀಳೂ ಇದೆ. ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಂಡರೂ ಬಿಡದಿರುವುದು ಅದರ ಲಕ್ಷಣಗಳು. ಮನೆಯಲ್ಲಿ ರಾತ್ರಿ ಕೂರುವ ಹುಡುಗರಿದ್ದರೆ ಬೈಯುವ ಮೊದಲು ಪಕ್ಕದಲ್ಲಿ ಕೂತು, ಏನು ಆಡುತ್ತಿದ್ದಾರೆಂದು ನೋಡಿ, ಕೇಳಿ.

ಈ ಜನವರಿಯಲ್ಲಿ ಊರಿನ ನೀಲಕಂಠೇಶ್ವರ ಜಾತ್ರೆಯ ಅಷ್ಟೂ ದಿನ ಲೇಖಕ ಲಾಗಿನ್ ಆಗಲಿಲ್ಲ. ಯಾರಿಗೂ ಕಾರಣ ಬರೆಯಬೇಕಾಗಲಿಲ್ಲ. ತೇರು ಮುಗಿದು ಮರಳಿದಾಗ ಆಟದ ಬ್ಯಾಂಕಿನಲ್ಲಿಟ್ಟ ಉಣ್ಣೆ ಇಟ್ಟ ಹಾಗೇ ಇತ್ತು.