ಎದೆಯ ಗಂಟು: ನೋವಿಲ್ಲವೆಂದು ಮುಂದೂಡಬಾರದು

ಕಾಫಿ ಕುಯ್ಲಿಗೆಂದು ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ನಮ್ಮ ತೋಟಗಳಿಗೆ ಬರುವ ಹೆಣ್ಣುಮಕ್ಕಳು ಎದೆಯಲ್ಲಿ ಗಂಟಿದೆಯೆಂದು ಬಾಯಿ ಬಿಡುವುದೇ ಅಪರೂಪ. ಬಿಟ್ಟರೂ, "ಬ್ಯಾನಿ ಏನೂ ಇಲ್ರಿ, ಊರಿಗಿ ಹೋದ ಮ್ಯಾಲ ತೋರಸ್ತೀನ್ರಿ" ಎನ್ನುತ್ತಾರೆ. ನಮ್ಮ ಮನೆಗಳ ಹೆಂಗಸರೂ ಇದಕ್ಕೆ ಹೊರತಲ್ಲ. ಅಡಿಕೆ ಸುಲಿತ ಮುಗಿಯಲಿ, ಕಾಫಿ ಒಣಗಲಿ ಎಂದು ದಿನ ತಳ್ಳುತ್ತಾರೆ. ಆದ್ದರಿಂದ ಈ ಸಲ ಗೊಬ್ಬರ, ಔಷಧಿಯ ವಿಷಯ ಬಿಟ್ಟು ಇದನ್ನು ಎತ್ತಿಕೊಂಡಿದ್ದೇವೆ. ಗಂಡಸರೂ ಓದಬೇಕು.

ಮೊದಲು ಧೈರ್ಯದ ಮಾತು. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಮುಟ್ಟಿಗೆ ಮುಂಚಿನ ವಾರ ಎರಡೂ ಕಡೆ ಭಾರವೆನಿಸಿ, ಕೈ ತಾಗಿದರೆ ನೋಯುವುದು ಹಾರ್ಮೋನುಗಳ ಏರಿಳಿತದಿಂದ. ಮುಟ್ಟಾದ ಮೇಲೆ ತಾನಾಗಿ ಇಳಿಯುತ್ತದೆ. 15ರಿಂದ 35 ವರ್ಷದವರಲ್ಲಿ ಗೋಲಿಯಂತೆ ನುಣುಪಾಗಿ, ಬೆರಳಿನಡಿ ಜಾರುವ ಗಂಟು ಸಾಮಾನ್ಯವಾಗಿ ಫೈಬ್ರೊಅಡಿನೋಮ ಎಂಬ ನಿರಪಾಯದ ಗಡ್ಡೆ. 35 ದಾಟಿದವರಲ್ಲಿ ನೀರು ತುಂಬಿದ ಗುಳ್ಳೆಗಳೂ ಆಗುವುದುಂಟು. ಬಾಣಂತಿಗೆ ಹಾಲು ಕಟ್ಟಿ, ಕೆಂಪಗೆ ಬಾತು, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲೇಬೇಕು. ಹಾಗೆಂದು ಮಗುವಿಗೆ ಹಾಲೂಡಿಸುವುದನ್ನು ತಾವಾಗಿಯೇ ನಿಲ್ಲಿಸಬಾರದು.

ಆದರೆ ನೋವಿದ್ದರೆ ಮಾತ್ರ ರೋಗ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕ್ಯಾನ್ಸರ್ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವೂ ಕೆಲಕಾಲ ಹಸಿರಾಗಿಯೇ ನಿಂತಿರುವುದನ್ನು ನಾವು ಕಂಡಿಲ್ಲವೆ? ಕಲ್ಲಿನಂತೆ ಗಟ್ಟಿಯಾಗಿ ಅಲುಗದ ಗಂಟು, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಹೊಸದಾಗಿ ಒಳಕ್ಕೆ ಸೆಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಮಾಯದ ಹುಣ್ಣು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಮುಟ್ಟು ನಿಂತವರಲ್ಲಿ ಹೊಸ ಗಂಟು ಕಂಡರೂ ಹಾಗೆಯೇ. ಮೇಲೆ ಹೇಳಿದ ಜಾರುವ ಗಂಟನ್ನೂ ಒಮ್ಮೆ ತೋರಿಸಲೇಬೇಕು. ಯಾವ ಗಂಟು ಎಂಥದೆಂದು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ಲೇಪ, ಶಾಖಗಳಿಂದ ದಿನ ಹಾಳು.

ವೈದ್ಯರು ಕೈಯಿಂದ ಪರೀಕ್ಷಿಸಿ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಂ ಮಾಡಿಸಿ, ಬೇಕಾದರೆ ಸೂಜಿಯಿಂದ ಚೂರು ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಹೆದರಿಕೆ ಬೇಡ.

ಊರಿಗೆ ಹೋದವರಿಗೆ ಶಹಾಪುರ, ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆ, ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಆದರೆ ಅಲ್ಲಿಯತನಕ ಕಾಯಿಸುವುದೇಕೆ? ಗಂಟಿನ ಮಾತು ಕಿವಿಗೆ ಬಿದ್ದ ವಾರವೇ ಇಲ್ಲಿಯ ಸರ್ಕಾರಿ ಆಸ್ಪತ್ರೆಗೆ, ಜೊತೆಗೊಬ್ಬ ಹೆಂಗಸನ್ನು ಕೊಟ್ಟು ಕಳಿಸಿ. ಆ ದಿನದ ಕೂಲಿ ಹಿಡಿಯಬೇಡಿ. ಚೀಟಿ, ರಿಪೋರ್ಟುಗಳನ್ನು ಅವರ ಕೈಯಲ್ಲೇ ಕೊಡಿ, ಊರಿನ ಡಾಕ್ಟರು ಕೇಳುತ್ತಾರೆ.