ನೋವು ಎಂದವರ ಮಾತನ್ನು ಮೊದಲು ನಂಬಿ

ಮಕ್ಕಳೇ,

ನೀಟ್ ಬರೆದು ಮೆಡಿಕಲ್ ಸೀಟು ಸಿಕ್ಕಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಮುಂದಿನ ಮಾತೇ ಅಮೆರಿಕ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರ ಮಗಳಿರಲಿ, ಶಿಡ್ಲಘಟ್ಟದ ರೇಷ್ಮೆ ರೀಲರ್ ಮನೆಯ ಹುಡುಗನಿರಲಿ, ಗೌರಿಬಿದನೂರಿನ ಮೇಷ್ಟರ ಮಗನಿರಲಿ, ಕನಸು ಒಂದೇ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಮುದ್ದೇನಹಳ್ಳಿಯಲ್ಲಿ ಫೀಸಿಲ್ಲದೆ ಓದಿಸುವ ಕಾಲೇಜು 2023ರಲ್ಲಿ ಶುರುವಾಗಿದೆ. ನಮ್ಮ ಕಾಲದಲ್ಲಿ ಎಣಿಸಲೂ ಆಗದಿದ್ದ ದಾರಿಗಳು ನಿಮಗೆ ತೆರೆದಿವೆ, ನನಗದು ಸಂತೋಷ. ಅನಸ್ತೇಷಿಯಾ ಓದಿ, ಮೇಲೆ ನೋವಿನ ಚಿಕಿತ್ಸೆಯ ಫೆಲೋಶಿಪ್ ಮಾಡಿ ಅಮೆರಿಕದಲ್ಲಿ ನೆಲೆಸಬೇಕೆಂದು ಕೆಲವರು ನನ್ನ ಹತ್ತಿರ ವಿಚಾರಿಸಲು ಬರುತ್ತೀರಿ. ಊರವರ ಬಾಯಲ್ಲಿ ನಾನು 'ಮತ್ತು ಕೊಡೋ ಡಾಕ್ಟ್ರು'. ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲೇ ತಲೆ ನರೆತವನು. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕಿವಿಗೊಟ್ಟು ಕೇಳಿ.

ನೋವಿನ ವೈದ್ಯಕೀಯವನ್ನು ಕಟ್ಟಿದವರಲ್ಲಿ ಬಹಳ ಮಂದಿ ವಲಸಿಗರು. ಜಾನ್ ಬೊನಿಕಾ ಇಟಲಿಯ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ 1917ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದರು. ಬೇಗ ತಂದೆಯನ್ನು ಕಳೆದುಕೊಂಡರು. ಬೂಟು ಪಾಲಿಶ್ ಮಾಡಿದರು, ಪೇಪರ್ ಮಾರಿದರು, ಮುಸುಕು ಹಾಕಿಕೊಂಡು ಕುಸ್ತಿ ಆಡಿ ಮೆಡಿಕಲ್ ಓದಿನ ಖರ್ಚು ತೂಗಿಸಿದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅವರಿಗೆ ಒಂದು ಸಂಗತಿ ಎದುರಾಯಿತು. ಗಾಯ ಮಾಯ್ದಿದೆ, ಹೊಲಿಗೆ ಒಣಗಿದೆ, ಸೈನಿಕನ ನೋವು ಮಾತ್ರ ಹೋಗಿಲ್ಲ. ಯಾವ ಪುಸ್ತಕದಲ್ಲೂ ಅದಕ್ಕೆ ಸರಿಯಾದ ಉತ್ತರವಿರಲಿಲ್ಲ. ಬೊನಿಕಾ ನರದ ಡಾಕ್ಟರು, ಮೂಳೆಯ ಡಾಕ್ಟರು, ಮನಸ್ಸಿನ ಡಾಕ್ಟರನ್ನು ಒಟ್ಟಿಗೆ ಕೂರಿಸಿ ಒಬ್ಬೊಬ್ಬ ರೋಗಿಯ ವಿಚಾರವನ್ನೂ ಚರ್ಚಿಸತೊಡಗಿದರು. ಇಂದಿನ ಪೇನ್ ಕ್ಲಿನಿಕ್‌ಗಳ ಬೇರು ಅಲ್ಲಿದೆ. 1953ರಲ್ಲಿ ಸುಮಾರು 1500 ಪುಟಗಳ ಗ್ರಂಥ ಬರೆದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1973ರಲ್ಲಿ ಅವರ ಮುಂದಾಳತ್ವದಲ್ಲೇ ಹುಟ್ಟಿತು. ಕುಸ್ತಿಯಿಂದ ಜಖಂಗೊಂಡ ಭುಜ, ಸೊಂಟಗಳ ನೋವನ್ನು ಆ ಮನುಷ್ಯ ಕೊನೆಯವರೆಗೂ ಅನುಭವಿಸಿದರು.

ಇನ್ನೊಬ್ಬರು ನಮಗೆ ಹತ್ತಿರದವರು. ಡಾ. ಪಿ. ಪೃಥ್ವಿರಾಜ್ ಓದಿದ್ದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ. ಇಂಗ್ಲೆಂಡಿಗೆ ಹೋದರು, ಅಲ್ಲಿಂದ ಅಮೆರಿಕಕ್ಕೆ. ಆಗ ಕೈಯನ್ನೋ ಕಾಲನ್ನೋ ಮರಗಟ್ಟಿಸುವ ನರದ ಬ್ಲಾಕ್ ಕೊಡಬೇಕಾದರೆ ಸೂಜಿ ಚುಚ್ಚಿ, "ಝುಮ್ ಅಂತ ಎಲ್ಲಿ ಹೊಡೀತು?" ಎಂದು ರೋಗಿಯನ್ನೇ ಕೇಳುವ ಪದ್ಧತಿ. ಡಲ್ಲಾಸಿನಲ್ಲಿ ಪೃಥ್ವಿರಾಜ್ ಮತ್ತು ಜತೆಗಾರರು ಸೂಜಿಯ ಮೂಲಕ ಸಣ್ಣ ವಿದ್ಯುತ್ತು ಹರಿಸಿ ನರವನ್ನು ಹುಡುಕುವ ವಿಧಾನವನ್ನು ಬೆಳೆಸಿ 1973ರಲ್ಲಿ ಪ್ರಕಟಿಸಿದರು. ಸೂಜಿ ನರದ ಹತ್ತಿರ ಬಂದಾಗ ರೋಗಿಯ ಬೆರಳು ತಾನಾಗಿ ಅದುರುತ್ತದೆ. ವಿದ್ಯುತ್ತನ್ನು ತಗ್ಗಿಸುತ್ತಾ ಹೋಗಬೇಕು. ಅರ್ಧ ಮಿಲಿಆಂಪಿಯರ್ ಹೊತ್ತಿಗೂ ಬೆರಳು ಅದುರುತ್ತಿದ್ದರೆ ಸೂಜಿಯ ತುದಿ ನರದ ಪಕ್ಕದಲ್ಲಿದೆ ಎಂದು ಲೆಕ್ಕ. ಮೊದಲು ರಕ್ತ ಬರುತ್ತದೆಯೇ ಎಂದು ಸಿರಿಂಜ್ ಹಿಂದಕ್ಕೆಳೆದು ನೋಡಿ, ಆಮೇಲೆ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ನರ ಕಣ್ಣಿಗೇ ಕಾಣುತ್ತದೆ, ಆದರೂ ಆ ಶಿಸ್ತು ಹಾಗೇ ಉಳಿದಿದೆ. 1975ರಲ್ಲಿ ಅಮೆರಿಕದ ರೀಜನಲ್ ಅನಸ್ತೇಷಿಯಾ ಸಂಘವನ್ನು ಕಟ್ಟಿದ ಐವರಲ್ಲಿ ಅವರೊಬ್ಬರು. 1993ರಲ್ಲಿ ವಿಶ್ವ ನೋವು ಸಂಸ್ಥೆಯನ್ನು ಹುಟ್ಟುಹಾಕಿದವರಲ್ಲೂ ಅವರಿದ್ದಾರೆ. ಸೂಜಿಯ ಚಿಕಿತ್ಸೆ ಮಾಡುವ ನೋವಿನ ವೈದ್ಯರಿಗೆ ಆ ಸಂಸ್ಥೆ 2001ರಿಂದ ನಡೆಸುತ್ತಿರುವ ಪರೀಕ್ಷೆಯನ್ನು ನಮ್ಮ ದೇಶದ ವೈದ್ಯರೂ ಬರೆಯುತ್ತಾರೆ.

ಇವರ ಕಥೆಯನ್ನು ನಿಮಗೆ ಹುರುಪು ಬರಲಿ ಎಂದಷ್ಟೇ ಹೇಳುತ್ತಿಲ್ಲ. ಇಬ್ಬರೂ ಅನ್ಯನಾಡಿನಲ್ಲಿ ಕೈ ಹಾಕಿದ್ದು ಆಗ ಯಾರಿಗೂ ಬೇಡವಾಗಿದ್ದ ಕೆಲಸಕ್ಕೆ. ಹೃದಯ, ಮೆದುಳಿನ ಶಸ್ತ್ರಚಿಕಿತ್ಸೆಗೆ ಸಿಗುವ ಚಪ್ಪಾಳೆ ಸೊಂಟನೋವಿನ ರೋಗಿಯನ್ನು ತಿಂಗಳುಗಟ್ಟಲೆ ನೋಡುವವರಿಗೆ ಸಿಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದ, ಹತ್ತು ಕಡೆ ತೋರಿಸಿ ಸೋತ, "ನಿಂಗೇನೂ ಆಗಿಲ್ಲಮ್ಮ, ಎಲ್ಲಾ ಮನಸ್ಸಿಂದು" ಎಂದು ಕೇಳಿ ಕೇಳಿ ಬೇಸತ್ತ ಜನ ನಿಮ್ಮ ಮುಂದೆ ಕೂರುತ್ತಾರೆ. ಅವರನ್ನು ನಂಬುವುದೇ ಈ ವೃತ್ತಿಯ ಮೊದಲ ಪಾಠ. ಬೊನಿಕಾ ಮುಂದಾಳತ್ವದಲ್ಲಿ ಹುಟ್ಟಿದ ಆ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಅದರ ಜತೆಯಲ್ಲೇ ಬರೆದಿಟ್ಟಿತು. ಬಿಪಿ ಅಳೆಯಲು ಯಂತ್ರವಿದೆ, ಸಕ್ಕರೆ ಅಳೆಯಲು ಪಟ್ಟಿಯಿದೆ. ನೋವಿಗೆ ರೋಗಿಯ ಬಾಯಿಮಾತೇ ಆಧಾರ.

ಇನ್ನು ದಾರಿಯ ವಿಚಾರ. ಎಂಬಿಬಿಎಸ್ ಮುಗಿಸಿ ಅಮೆರಿಕದ ಲೈಸೆನ್ಸ್ ಪರೀಕ್ಷೆಗಳನ್ನು ಹಂತಹಂತವಾಗಿ ಬರೆಯಬೇಕು. ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಪಡೆಯುವ ತರಬೇತಿಗೆ, ಆಯ್ಕೆಯಾಗಬೇಕು. ಅನಸ್ತೇಷಿಯಾ ನಾಲ್ಕು ವರ್ಷ, ನೋವಿನ ಫೆಲೋಶಿಪ್ ಒಂದು ವರ್ಷ. ಜೆ-1 ವೀಸಾದಲ್ಲಿ ಹೋದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದು ವಿನಾಯಿತಿ ಪಡೆಯಬೇಕು. ಆ ವಿನಾಯಿತಿಯೂ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಮೂವತ್ತೇ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ವರ್ಷಾನುಗಟ್ಟಲೆ ಕರಗುವುದಿಲ್ಲ. ಸಿನಿಮಾದಲ್ಲಿ ಕಾಣುವ ನ್ಯೂಯಾರ್ಕ್ ಬಿಟ್ಟು, ಕಲ್ಲಿದ್ದಲು ಗಣಿಯ ಊರಲ್ಲೋ, ಮೈಲಿಗಟ್ಟಲೆ ಗದ್ದೆಬಯಲಿನ ಮಧ್ಯದ ಊರಲ್ಲೋ ನಿಮ್ಮ ಮೊದಲ ಕೆಲಸ ಇದ್ದೀತು. ಅದಕ್ಕೆ ಹೆದರಬೇಡಿ. ಬೆನ್ನುಮೂಳೆ ಸವೆಸಿಕೊಂಡ ಗಣಿ ಕಾರ್ಮಿಕನೂ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಎತ್ತಿದವನೂ ಸೊಂಟ ಹಿಡಿದುಕೊಂಡು ಏಳುವ ರೀತಿ ಒಂದೇ. ಹಳ್ಳಿಯಿಂದ ಹೋದ ನಿಮಗೆ ಅವನ ಬದುಕು ಬೇಗ ಅರ್ಥವಾಗುತ್ತದೆ.

ಅಂಥ ಊರುಗಳಲ್ಲೇ ಆ ದೇಶದ ದೊಡ್ಡ ಅನಾಹುತವೂ ನಡೆಯಿತು, ಇದನ್ನು ಮನಸ್ಸಿಟ್ಟು ಕೇಳಿ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ಜಾತಿಯ ಮಾತ್ರೆ ಮಾರುಕಟ್ಟೆಗೆ ಬಂತು. ಚಟ ಹಿಡಿಯುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಕಂಪನಿ ಪ್ರಚಾರ ಮಾಡಿತು, ಡಾಕ್ಟರುಗಳು ಬರೆದರು. ತಪ್ಪು ಪ್ರಚಾರಕ್ಕಾಗಿ 2007ರಲ್ಲಿ ಆ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಊರೂರುಗಳೇ ಕೆಟ್ಟಿದ್ದವು. ಚೀಟಿಯ ಮಾತ್ರೆಯಿಂದ ಶುರುವಾದದ್ದು ಹೆರಾಯಿನ್‌ಗೆ, ಕಳ್ಳದಾರಿಯ ಫೆಂಟನಿಲ್‌ಗೆ ಬೆಳೆದು, 2021ರಲ್ಲಿ ಅಲ್ಲಿ ಮಾದಕವಸ್ತು ಮಿತಿಮೀರಿ ಸತ್ತವರು ಒಂದು ಲಕ್ಷ ದಾಟಿದರು. ಕ್ಲಿನಿಕ್ಕನ್ನೇ ಮಾತ್ರೆ ಅಂಗಡಿ ಮಾಡಿಕೊಂಡ ಡಾಕ್ಟರುಗಳು ಜೈಲಿಗೆ ಹೋದರು, ಅವರಲ್ಲಿ ವಲಸೆ ಬಂದವರೂ ಇದ್ದರು. ಈಗ ಒಂದು ಚೀಟಿ ಬರೆಯುವ ಮುನ್ನ ಆ ರೋಗಿ ಬೇರೆಲ್ಲಿ ಎಷ್ಟು ಮಾತ್ರೆ ಪಡೆದಿದ್ದಾನೆಂದು ಕಂಪ್ಯೂಟರಿನಲ್ಲಿ ನೋಡಬೇಕು. ರೋಗಿಯ ನೋವನ್ನು ನಂಬಿ ಎಂದೆ. ಮಾತ್ರೆ ಮಾರಲು ಬಂದವನ ಮಾತನ್ನು ಮಾತ್ರ ಪುರಾವೆಯಿಲ್ಲದೆ ನಂಬಬೇಡಿ. ಸೂಜಿಯ ವಿಚಾರವೂ ಹಾಗೆಯೇ. ಅಲ್ಲಿ ಮಾತಾಡಿಸಿದ್ದಕ್ಕೆ ಕಡಿಮೆ ದುಡ್ಡು, ಚುಚ್ಚಿದ್ದಕ್ಕೆ ಹೆಚ್ಚು ದುಡ್ಡು. ಬೇಕಿಲ್ಲದ ಬೆನ್ನಿಗೆ ಸೂಜಿ ಹಾಕಿದ ದಿನ ನಿಮ್ಮ ಓದೆಲ್ಲ ದಂಡ.

ನಮ್ಮ ದೇಶದಲ್ಲಿ ಆಗಿದ್ದು ಇದರ ತಿರುಗುಮುರುಗು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನ ಮೇಲೆ ಅಫೀಮು ಬೆಳೆಯುತ್ತಾರೆ. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ತೊಡಕಿಗೆ, ಜೈಲಿನ ಭಯಕ್ಕೆ ಎಷ್ಟೋ ಆಸ್ಪತ್ರೆಗಳು ಅದೇ ಅಫೀಮಿನಿಂದ ಬರುವ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರ್ ಮೂಳೆಗೆ ಹರಡಿ ನರಳುವವರಿಗೆ ಸಿಗಬೇಕಾದ ಅಗ್ಗದ ಮಾತ್ರೆ ಸಿಗದೆ ಹೋಯಿತು. ಇದರ ವಿರುದ್ಧ ದನಿ ಎತ್ತಿದವರಲ್ಲಿ ಮುಖ್ಯರು ಕೇರಳದ ಡಾ. ಎಂ. ಆರ್. ರಾಜಗೋಪಾಲ್, ಅವರೂ ಅನಸ್ತೇಷಿಯಾ ವೈದ್ಯರೇ. 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಲೈಸೆನ್ಸಿನ ಗೋಜಲು ಸಡಿಲವಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ಕೇಳದೆ ನೋಡಿಕೊಳ್ಳುವ ಕರುಣಾಶ್ರಯ ಇದೆ. ಆದರೆ ನಮ್ಮ ಹಳ್ಳಿಗಳ ರೋಗಿ ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಒಂದು ಕಡೆ ಅತಿಯಾಗಿ ಕೊಟ್ಟು ಕೊಂದರು, ಇನ್ನೊಂದು ಕಡೆ ಕೊಡದೆ ನರಳಿಸಿದರು. ಎರಡನ್ನೂ ಕಣ್ಣಾರೆ ಕಂಡ ವೈದ್ಯರು ನೀವಾಗುತ್ತೀರಿ, ಆ ತಿಳಿವಳಿಕೆಗೆ ಬೆಲೆ ಇದೆ.

ಹೋಗುವ ಮೊದಲು ಇಲ್ಲಿನ ನೋವನ್ನು ನೋಡಿಕೊಂಡು ಹೋಗಿ. ಶಿಡ್ಲಘಟ್ಟದ ಯಾವುದಾದರೂ ರೇಷ್ಮೆ ನೂಲು ಬಿಚ್ಚುವ ಮನೆಗೆ ಬೆಳಗಿನ ಹೊತ್ತು ಹೋಗಿ ನಿಲ್ಲಿ. ಬೆಂದ ಗೂಡಿನ ವಾಸನೆ, ಹಬೆ. ಹೆಣ್ಣುಮಕ್ಕಳು ಬಿಸಿನೀರಿಗೆ ಬರಿಗೈ ಹಾಕಿ ಗೂಡಿನ ಎಳೆಯ ತುದಿ ಹುಡುಕುತ್ತಾರೆ. ಬೆರಳ ತುದಿ ಬೆಳ್ಳಗೆ ಸುಲಿದಿರುತ್ತದೆ. ಇಡೀ ದಿನ ತೋಳು ಮುಂದೆ ಚಾಚಿಯೇ ಇರುವುದರಿಂದ ಸಂಜೆಗೆ ಕುತ್ತಿಗೆ, ಭುಜ ಹಿಡಿದುಕೊಳ್ಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ ನುಂಗಿ ಮಾರನೆಯ ದಿನ ಮತ್ತೆ ಕೂರುತ್ತಾರೆ. ವರ್ಷಗಟ್ಟಲೆ ಹೀಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ.

ಇನ್ನು ನೀರು. ಸಾವಿರ ಅಡಿ ದಾಟಿದ ನಮ್ಮ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ, ದಾಟಿದ ನೀರನ್ನೇ ನಮ್ಮ ಎಷ್ಟೋ ಹಳ್ಳಿಗಳು ದಶಕಗಳ ಕಾಲ ಕುಡಿದಿವೆ. ಮೂಳೆಗೆ ಸೇರಿದ ಫ್ಲೋರೈಡ್ ಬೆನ್ನು, ಕುತ್ತಿಗೆ, ಮಂಡಿಗಳನ್ನು ಬಿಗಿದುಬಿಡುತ್ತದೆ. ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ನೆಲದ ಮೇಲೊಂದು ನಾಣ್ಯ ಇಟ್ಟು, ಮಂಡಿ ಮಡಿಸದೆ ಬಗ್ಗಿ ಎತ್ತಿಕೊಳ್ಳಲು ಹೇಳಿ. ಗದ್ದವನ್ನು ಎದೆಗೆ ತಾಗಿಸಲು ಹೇಳಿ. ಎರಡು ಕೈಗಳನ್ನೂ ತಲೆಯ ಹಿಂದಕ್ಕೆ ಒಯ್ಯಲು ಹೇಳಿ. ಮೂರೂ ಆಗಲಿಲ್ಲವೆಂದರೆ ಅವರು ಕುಡಿಯುವ ನೀರು ಯಾವುದೆಂದು ಕೇಳಿ. ಮೂಳೆಗೆ ಸೇರಿದ್ದನ್ನು ತೆಗೆಯುವ ಔಷಧಿ ಇಲ್ಲ, ಸುಳ್ಳು ಭರವಸೆ ಕೊಡಬೇಡಿ. ಶುದ್ಧ ನೀರಿನ ಘಟಕದ ಕ್ಯಾನ್ ಮನೆಗೆ ಬರುತ್ತದೆಯೇ, ಅಡುಗೆಗೂ ಅದನ್ನೇ ಬಳಸುತ್ತಾರೆಯೇ ಎಂದು ವಿಚಾರಿಸಿ. ಒಳ್ಳೆಯ ನೋವಿನ ವೈದ್ಯ ರೋಗಿಯ ಬೆನ್ನಿನ ಜತೆಗೆ ಅವನ ಮನೆಯ ಬಿಂದಿಗೆಯನ್ನೂ ನೋಡುತ್ತಾನೆ.

ಭಾಷೆಯ ವಿಚಾರದಲ್ಲಿ ನೀವು ಪುಣ್ಯವಂತರು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಕೇಳುತ್ತಾ ಬೆಳೆದಿದ್ದೀರಿ. ರೋಗಿಯ ಮಾತಿನಲ್ಲೇ ಮಾತಾಡುವ ಅಭ್ಯಾಸ ನಿಮಗೆ ಮೊದಲೇ ಇದೆ, ಅಲ್ಲಿ ಸ್ಪ್ಯಾನಿಷ್ ಬೇಕಾದರೆ ಅದನ್ನೂ ಕಲಿಯಿರಿ. ಮನೆಯವರನ್ನು ಮರೆಯಬೇಡಿ. ಅಪ್ಪ ಅಮ್ಮ ಫೋನಿನಲ್ಲಿ "ನಾವು ಚೆನ್ನಾಗಿದ್ದೀವಿ" ಎಂದೇ ಹೇಳುತ್ತಾರೆ. ಪರರ ನೋವನ್ನು ವಿಚಾರಿಸುವವರು ಹೆತ್ತವರ ಮಂಡಿನೋವನ್ನು ಎರಡನೇ ಸಲವಾದರೂ ಕೇಳಿ.

ಮರಳಿ ಬರಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಓದಲು ಬೆಂಗಳೂರಿನವರೆಗೆ ನಡೆದೇ ಹೋದವರು ಎಚ್. ನರಸಿಂಹಯ್ಯನವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿದರು, ಗೌರಿಬಿದನೂರು, ಬಾಗೇಪಲ್ಲಿಯ ಮಕ್ಕಳಿಗೆ ಕಾಲೇಜು ಸಿಗಲು ಕಾರಣರಾದರು. ಪೃಥ್ವಿರಾಜ್ ಅಲ್ಲೇ ಉಳಿದು ಲೋಕದ ವೈದ್ಯರಿಗೆಲ್ಲ ಪಾಠ ಹೇಳಿದರು. ಎರಡು ದಾರಿಯೂ ಗೌರವದ್ದೇ. ಇಲ್ಲಿನವರ ಋಣ ಎರಡರಲ್ಲೂ ಇದೆ.

ಅದನ್ನು ತೀರಿಸುವ ಬಗೆ ಕಷ್ಟದ್ದಲ್ಲ. ಊರಿಗೆ ಬಂದಾಗ ಜಿಲ್ಲೆಯ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಿಗೆ ನರದ ಬ್ಲಾಕ್ ಕಲಿಸಿ. ಇಲ್ಲೇ ಉಳಿಯುವ ನಿಮ್ಮ ಸಹಪಾಠಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ನೋವಿನ ಒಪಿಡಿ ನಡೆಸಲು ಅವರ ಬೆನ್ನಿಗೆ ನಿಲ್ಲಿ. ಮಾರ್ಫಿನ್ ಬರೆಯುವುದು ಹೇಗೆ, ಲೆಕ್ಕ ಇಡುವುದು ಹೇಗೆ ಎಂದು ತಾಲ್ಲೂಕಿನ ವೈದ್ಯರಿಗೆ ಹೇಳಿಕೊಡಿ. ಹೋಗಿ ಬನ್ನಿ, ಚೆನ್ನಾಗಿ ಕಲಿಯಿರಿ. ಚಿಂತಾಮಣಿಯ ಅಜ್ಜಿಗೆ ಕ್ಯಾನ್ಸರ್ ನೋವು ಶುರುವಾದ ರಾತ್ರಿ ಅವಳ ತಾಲ್ಲೂಕಿನ ಆಸ್ಪತ್ರೆಯಲ್ಲೇ ಅವಳಿಗೆ ಮಾರ್ಫಿನ್ ಸಿಗಬೇಕು. ಆ ಕೆಲಸ ನಮ್ಮ ತಲೆಮಾರಿನಿಂದ ಪೂರ್ತಿಯಾಗಲಿಲ್ಲ, ನೀವು ಪೂರ್ತಿ ಮಾಡಿ.