ಹಳದಿಯಾದ ಪುಡಿ ಮತ್ತು ಖಾಲಿ ಸೀಟು

ಹೋದ ವರ್ಷ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಮ್ಮ ಬ್ಯಾಚಿಗೆ ಎರಡು ಮಾರ್ಕ್ಸ್ ಹೋಯ್ತು. ಬಿಳಿ ಜಿಂಕ್ ಆಕ್ಸೈಡ್ ಪುಡಿಯನ್ನು ಕಾಯಿಸಿದಾಗ ಅದು ಹಳದಿಯಾಯಿತು. ಕ್ರೂಸಿಬಲ್ ಸರಿಯಾಗಿ ತೊಳೆದಿಲ್ಲ, ಏನೋ ಕೊಳೆ ಸೇರಿದೆ ಅಂದುಕೊಂಡು ಚೆಲ್ಲಿಬಿಟ್ಟೆವು. ರೆಕಾರ್ಡಿನಲ್ಲಿ 'ಸ್ಯಾಂಪಲ್ ಅಶುದ್ಧ' ಅಂತ ಬರೆದೆವು. ಆರಲು ಬಿಟ್ಟಿದ್ದರೆ ಮತ್ತೆ ಬಿಳಿಯಾಗುತ್ತಿತ್ತು! ವೈವಾದಲ್ಲಿ ಕಾರಣ ಕೇಳಿದಾಗ ನಾಲ್ಕೂ ಜನ ಮುಖ ಮುಖ ನೋಡಿಕೊಂಡೆವು. ಆಮೇಲೆ ಓದಿ ತಿಳಿದದ್ದು ಇದು.

ಜಿಂಕ್ ಆಕ್ಸೈಡಿನ ಬ್ಯಾಂಡ್ ಗ್ಯಾಪ್ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನ ಶಕ್ತಿ ಹೆಚ್ಚೆಂದರೆ 3.1ರ ಆಸುಪಾಸು. ಹಾಗಾಗಿ ಅದು ಯಾವ ಬಣ್ಣವನ್ನೂ ಹೀರಲ್ಲ, ಬಿಳಿಯಾಗಿ ಕಾಣುತ್ತದೆ. ಬಿಸಿಯಾದರೆ ಗ್ಯಾಪ್ ಕಿರಿದಾಗುತ್ತದೆ, ನೇರಳೆ-ನೀಲಿ ಬೆಳಕು ಹೀರಿಹೋಗುತ್ತದೆ, ಉಳಿದದ್ದು ನಮಗೆ ಹಳದಿ. ಜೊತೆಗೆ ಸ್ವಲ್ಪ ಆಕ್ಸಿಜನ್ ಸ್ಫಟಿಕ ಬಿಟ್ಟು ಹೊರಡುತ್ತದೆ, ತನ್ನ ಹತ್ತಿರ ಇದ್ದ ಎರಡು ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಇದೇ ಡಿಫೆಕ್ಟ್. ಕನ್ನಡದಲ್ಲಿ 'ದೋಷ' ಅನ್ನುತ್ತಾರೆ, ನಮಗೇನೋ ಜಾತಕ ನೆನಪಾಗುತ್ತದೆ.

ಕೆಲವು ಸಲ ಈ ಏರುಪೇರನ್ನು ಬೇಕಂತಲೇ ಮಾಡುತ್ತಾರೆ. ಬೇರೆ ಧಾತುವನ್ನು ಚೂರು ಬೆರೆಸುತ್ತಾರೆ, ಅದು ಡೋಪಿಂಗ್. ಇಲ್ಲಿ ಒಂದೇ ಲೆಕ್ಕ ನೆನಪಿಟ್ಟುಕೊಂಡರೆ ಸಾಕು: ಇಡೀ ಸ್ಫಟಿಕದ ಚಾರ್ಜ್ ಕೂಡಿದರೆ ಸೊನ್ನೆ ಬರಬೇಕು. ಪ್ಲಸ್ 2 ಜಿಂಕ್ ಜಾಗದಲ್ಲಿ ಪ್ಲಸ್ 3 ಅಲ್ಯೂಮಿನಿಯಂ ಕೂತರೆ ಒಂದು ಎಲೆಕ್ಟ್ರಾನ್ ಹೆಚ್ಚುವರಿಯಾಗಿ ಓಡಾಡುತ್ತದೆ. ತೆಳು ಪದರ ಪಾರದರ್ಶಕವಾಗಿಯೇ ಇದ್ದು ಕರೆಂಟನ್ನೂ ಹರಿಸುತ್ತದೆ. ನಮ್ಮ ಮೊಬೈಲಿನ ಟಚ್ ಸ್ಕ್ರೀನಿನಲ್ಲಿ ಇದೇ ಉಪಾಯ, ಆದರೆ ಅಲ್ಲಿರೋದು ಇಂಡಿಯಂ ಆಕ್ಸೈಡಿಗೆ ಬೆರೆಸಿದ ತವರ.

ನಮಗೆ ತುಂಬ ಇಷ್ಟವಾದದ್ದು ಜಿರ್ಕೋನಿಯಾ. ಇಲ್ಲಿ ಲೆಕ್ಕ ಉಲ್ಟಾ. ಪ್ಲಸ್ 4 ಜಿರ್ಕೋನಿಯಂ ಜಾಗಕ್ಕೆ ಪ್ಲಸ್ 3 ಇಟ್ರಿಯಂ ಬಂದರೆ ಒಂದು ಕಡಿಮೆ ಬೀಳುತ್ತದೆ. ಎರಡು ಇಟ್ರಿಯಂ ಸೇರಿದರೆ ಎರಡು ಕಡಿಮೆ, ಅದನ್ನು ಸರಿದೂಗಿಸಲು ಮೈನಸ್ 2 ಆಕ್ಸಿಜನ್ನಿನ ಒಂದು ಜಾಗ ಖಾಲಿ ಉಳಿಯುತ್ತದೆ. ತುಂಬಿದ ಬಸ್ಸಿನಲ್ಲಿ ಯಾರೂ ಸೀಟು ಬದಲಿಸಲು ಆಗಲ್ಲ. ಒಂದು ಸೀಟು ಖಾಲಿಯಾಗಲಿ, ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಸೀಟಿಗೆ ಮತ್ತೊಬ್ಬರು. ಆಕ್ಸಿಜನ್ ಅಯಾನುಗಳು ಹೀಗೇ ಗಟ್ಟಿ ಪಿಂಗಾಣಿಯೊಳಗೆ ಹರಿಯುತ್ತವೆ. ಅದಕ್ಕೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಂತೂ ಬೇಕು.

ಬಿಎಸ್-6 ಬೈಕಿನ ಸೈಲೆನ್ಸರ್ ಪೈಪಿಗೆ ವೈರ್ ಇರುವ ಒಂದು ಬೋಲ್ಟ್ ತರಹದ್ದು ಸಿಕ್ಕಿಸಿರುತ್ತದೆ, ನೋಡಿರಬಹುದು. ಅದು ಆಕ್ಸಿಜನ್ ಸೆನ್ಸರ್. ಸಾಮಾನ್ಯವಾಗಿ ಅದರೊಳಗೆ ಇರೋದು ಈ ಜಿರ್ಕೋನಿಯಾನೇ. ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಹೊಗೆ. ಎರಡರ ಆಕ್ಸಿಜನ್ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟುತ್ತದೆ: ಪೆಟ್ರೋಲ್ ಹೆಚ್ಚಾಗಿದ್ದರೆ 0.9 ವೋಲ್ಟ್ ಹತ್ತಿರ, ಗಾಳಿ ಹೆಚ್ಚಾಗಿದ್ದರೆ 0.1 ಹತ್ತಿರ. ಅದನ್ನು ನೋಡಿ ಇಸಿಯು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ.

ಹಾಗಾದರೆ ಇಟ್ರಿಯಾ ಜಾಸ್ತಿ ಹಾಕಿದಷ್ಟೂ ಒಳ್ಳೆಯದಾ? ಅಲ್ಲ. ಮೋಲ್ ಲೆಕ್ಕದಲ್ಲಿ ಶೇಕಡಾ 8ರ ಸುತ್ತಮುತ್ತ ಹರಿವು ಗರಿಷ್ಠ. ಆಮೇಲೆ ಖಾಲಿ ಜಾಗಗಳು ಕಟ್ಟಿಹಾಕಿದಂತೆ ನಿಂತುಬಿಡುತ್ತವೆ, ಹರಿವು ಇಳಿಯುತ್ತದೆ. ನಾವು ನೆಟ್ಟಗಿನ ಗ್ರಾಫ್ ಬರುತ್ತೆ ಅಂತ ಬೆಟ್ ಕಟ್ಟಿದ್ದೆವು, ಸೋತೆವು.

ಜೂನಿಯರ್‌ಗಳಿಗೆ ಒಂದು ಮಾತು: ನಿಮ್ಮ ಪುಡಿಯೂ ಹಳದಿಯಾಗುತ್ತೆ. ಚೆಲ್ಲಬೇಡಿ, ಆರಲಿ. ಎರಡೂ ಬಣ್ಣ ರೆಕಾರ್ಡಿನಲ್ಲಿ ಬರೆಯಿರಿ.